ಕಾದು ಪಡೆದ ಕಾರು, ಕಾಯ್ದುಕೊಂಡ ಕಾರು

ವಾಹನಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಾರ್ಖಾನೆಯ ಬಾಗಿಲಲ್ಲಿ ನಿಂತು ಬರೆದಿದ್ದಾರೆ. ಯಾವ ವರ್ಷ ಯಾವ ಮಾದರಿ ಹೊರಬಂತು, ಎಂಜಿನ್ನಿನ ಶಕ್ತಿ ಎಷ್ಟು, ಒಟ್ಟು ಎಷ್ಟು ಮಾರಾಟವಾದವು ಎಂಬಲ್ಲಿಗೆ ಆ ಚರಿತ್ರೆ ಮುಗಿಯುತ್ತದೆ. ಬಾಗಿಲು ದಾಟಿದ ವಾಹನ ಮುಂದಿನ ಇಪ್ಪತ್ತು ಮೂವತ್ತು ವರ್ಷ ಯಾರ ಮನೆಯ ಮುಂದೆ ನಿಂತಿತು, ಕೆಟ್ಟಾಗ ಯಾರು ಬಿಚ್ಚಿ ಜೋಡಿಸಿದರು, ಬಿಡಿಭಾಗ ಸಿಗದ ಕಾಲದಲ್ಲಿ ಅದನ್ನು ಹೇಗೆ ಓಡಿಸಿಕೊಂಡರು ಎಂಬ ದೀರ್ಘವಾದ ಅಧ್ಯಾಯ ಬರೆಯದೆಯೇ ಉಳಿಯುತ್ತದೆ. ಆದರೆ ವಾಹನದ ಆಯುಷ್ಯದ ಬಹುಪಾಲು ಕಳೆಯುವುದು ಮಾಲೀಕನ ಕೈಯಲ್ಲಿಯೇ.

ಈ ಅಧ್ಯಾಯವನ್ನು ಬಿಟ್ಟರೆ ಅರ್ಥವೇ ಆಗದ ಒಂದು ಕಾರು ಇದೆ. ಅದು ಪೂರ್ವ ಜರ್ಮನಿಯ ಟ್ರಬಾಂಟ್. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ತೆರೆದಾಗ ಗಡಿ ದಾಟಿ ಪಶ್ಚಿಮಕ್ಕೆ ಹರಿದುಬಂದ, ನೀಲಿ ಹೊಗೆಯುಗುಳುವ ಪುಟ್ಟ ಕಾರುಗಳ ಸಾಲನ್ನು ಚಿತ್ರಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಜಗತ್ತು ಅದನ್ನು ಕಂಡು ನಕ್ಕಿತು. ಸೋತ ವ್ಯವಸ್ಥೆಯೊಂದರ ಚಕ್ರವುಳ್ಳ ಪುರಾವೆ ಅದು ಎಂದಿತು. ಆ ತೀರ್ಪಿನಲ್ಲಿ ನಿಜವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಆ ನಗೆ ವ್ಯವಸ್ಥೆಯ ಮೇಲೆ ಮಾತ್ರ ಬೀಳಲಿಲ್ಲ. ಆ ಕಾರಿಗಾಗಿ ಹತ್ತು ಹದಿನೈದು ವರ್ಷ ಕಾದು, ಬಂದ ಮೇಲೆ ಇಪ್ಪತ್ತು ವರ್ಷ ಕೈಯಾರೆ ರಿಪೇರಿ ಮಾಡಿಕೊಂಡು ಬಂದ ಮನುಷ್ಯರ ಮೇಲೂ ಬಿತ್ತು. ಅವರ ಕಡೆಯಿಂದ ಈ ಕಾರಿನ ಕಥೆಯನ್ನು ಒಮ್ಮೆ ಓದಿನೋಡುವುದು ಈ ಬರಹದ ಉದ್ದೇಶ.

ಕನ್ನಡದಲ್ಲಿ ‘ಕಾಯು’ ಎಂಬ ಒಂದೇ ಕ್ರಿಯಾಪದಕ್ಕೆ ನಿರೀಕ್ಷಿಸು ಎಂಬ ಅರ್ಥವೂ ಇದೆ, ರಕ್ಷಿಸು ಎಂಬ ಅರ್ಥವೂ ಇದೆ. ಬಸ್ಸಿಗಾಗಿ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಟ್ರಬಾಂಟ್ ಕಾರಿನ ಒಡೆತನದ ಚರಿತ್ರೆ ಈ ಎರಡು ಅರ್ಥಗಳ ನಡುವೆಯೇ ನಡೆದದ್ದು.

ಒಂದು ಊರು, ನಾಲ್ಕು ಉಂಗುರ

ಕಥೆ ಆರಂಭವಾಗುವುದು ಸ್ಯಾಕ್ಸನಿ ಪ್ರಾಂತ್ಯದ ತ್ಸ್ವಿಕಾವ್ ಎಂಬ ಊರಿನಲ್ಲಿ. ಆಗಸ್ಟ್ ಹೋರ್ಖ್ ಎಂಬ ಎಂಜಿನಿಯರ್ 1904ರಲ್ಲಿ ತನ್ನ ಕಾರು ತಯಾರಿಕೆಯನ್ನು ಈ ಊರಿಗೆ ತಂದ. ಐದು ವರ್ಷಗಳಲ್ಲಿ ಜೊತೆಗಾರರೊಡನೆ ಮುನಿಸಾಗಿ ತನ್ನ ಹೆಸರಿನ ಕಂಪನಿಯಿಂದ ತಾನೇ ಹೊರಬಿದ್ದು, ಅದೇ ಊರಿನಲ್ಲಿ ಇನ್ನೊಂದು ಕಂಪನಿ ತೆರೆದ. ಹಳೆಯ ಹೆಸರನ್ನು ಬಳಸುವ ಹಕ್ಕು ಅವನಿಗೆ ಉಳಿದಿರಲಿಲ್ಲ. ಜರ್ಮನ್ ಭಾಷೆಯಲ್ಲಿ ‘ಹೋರ್ಖ್’ ಎಂದರೆ ‘ಆಲಿಸು’. ಅದೇ ಮಾತನ್ನು ಲ್ಯಾಟಿನ್ನಿನಲ್ಲಿ ಹೇಳಿ ‘ಔಡಿ’ ಎಂದು ಹೊಸ ಕಂಪನಿಗೆ ಹೆಸರಿಟ್ಟರು. ಇಂದು ನಮ್ಮ ಮಹಾನಗರಗಳ ರಸ್ತೆಗಳಲ್ಲಿ ಐಶ್ವರ್ಯದ ಗುರುತಾಗಿ ಓಡಾಡುವ ಔಡಿಯೂ ಬಡವರ ಕಾರೆಂದು ಹೆಸರಾದ ಟ್ರಬಾಂಟೂ ಒಂದೇ ಊರಿನ ಮಕ್ಕಳು.

1932ರಲ್ಲಿ ಆರ್ಥಿಕ ಮುಗ್ಗಟ್ಟಿನ ಒತ್ತಡದಿಂದ ಔಡಿ, ಹೋರ್ಖ್, ಡಿಕೆಡಬ್ಲ್ಯೂ, ವಾಂಡರರ್ ಎಂಬ ಸ್ಯಾಕ್ಸನಿಯ ನಾಲ್ಕು ಕಂಪನಿಗಳು ಕೂಡಿ ಆಟೋ ಯೂನಿಯನ್ ಆಯಿತು. ಔಡಿಯ ಲಾಂಛನದಲ್ಲಿರುವ ನಾಲ್ಕು ಉಂಗುರಗಳು ಆ ನಾಲ್ಕು ಕಂಪನಿಗಳೇ. ಇವುಗಳಲ್ಲಿ ಡಿಕೆಡಬ್ಲ್ಯೂ ಟೂ ಸ್ಟ್ರೋಕ್ ಎಂಜಿನ್ನಿನ, ಮುಂದಿನ ಚಕ್ರಗಳಿಂದ ಓಡುವ, ಅಗ್ಗದ ಸಣ್ಣ ಕಾರುಗಳಿಗೆ ಹೆಸರಾಗಿತ್ತು. ಆ ಕಾರುಗಳೂ ತ್ಸ್ವಿಕಾವ್‌ನಲ್ಲಿಯೇ ತಯಾರಾಗುತ್ತಿದ್ದವು. ಟ್ರಬಾಂಟಿನ ವಂಶ ಇದು.

ನಾಲ್ಕನೆಯ ಉಂಗುರವಾದ ವಾಂಡರರ್‌ಗೆ ಕನ್ನಡಿಗರೊಡನೆ ಒಂದು ದೂರದ ನಂಟಿದೆ. ಆಟೋ ಯೂನಿಯನ್ ಹುಟ್ಟುವ ಮೊದಲೇ, 1929ರಲ್ಲಿ, ವಾಂಡರರ್‌ನ ಮೋಟಾರ್ ಸೈಕಲ್ ವಿಭಾಗವನ್ನು ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಕೊಂಡುಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ವಾಂಡರರ್‌ನ ಮೊದಲ ಎರಡು ಅಕ್ಷರಗಳನ್ನೂ ಕೂಡಿಸಿ ಹೊಸ ಬೈಕಿಗೆ ‘ಜಾವಾ’ ಎಂದು ಹೆಸರಿಟ್ಟ. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ ಮತ್ತು ಯೆಜ್ದಿಗಳು ಆ ಹೆಸರಿನ ಸಂತತಿ. ಪೆಟ್ರೋಲಿನ ಜೊತೆಗೆ ಅಳೆದು ಆಯಿಲ್ ಹಾಕಿಸುವುದು, ರಿಸರ್ವಿಗೆ ತಿರುಗಿಸುವ ನಲ್ಲಿ, ತಣ್ಣಗಿನ ಬೆಳಗ್ಗೆ ಮಂಕಾಗುವ ಪ್ಲಗ್ಗು, ಆ ಹೊಗೆಯ ವಾಸನೆ ಇವೆಲ್ಲ ನಮ್ಮಲ್ಲಿ ಹಲವರ ಮನೆಯ ನೆನಪು. ಟ್ರಬಾಂಟಿನ ಮಾಲೀಕ ಮಾಡುತ್ತಿದ್ದ ಕೆಲಸವನ್ನು ಅರ್ಥಮಾಡಿಕೊಳ್ಳಲು ಮೈಸೂರಿನ ಬೈಕು ಓಡಿಸಿದವರಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಉಕ್ಕಿಲ್ಲದ ಕಾಲದ ಕಾರು

ಎರಡನೆಯ ಮಹಾಯುದ್ಧ ಮುಗಿದಾಗ ಸ್ಯಾಕ್ಸನಿ ಸೋವಿಯತ್ ವಲಯಕ್ಕೆ ಸೇರಿತು. ತ್ಸ್ವಿಕಾವ್‌ನ ಕಾರ್ಖಾನೆಗಳು ರಾಷ್ಟ್ರೀಕರಣಗೊಂಡವು. ಆಟೋ ಯೂನಿಯನ್‌ನ ಹಲವರು ಪಶ್ಚಿಮಕ್ಕೆ ಹೋಗಿ 1949ರಲ್ಲಿ ಇಂಗೋಲ್‌ಷ್ಟಾಟ್‌ನಲ್ಲಿ ಕಂಪನಿಯನ್ನು ಮತ್ತೆ ಕಟ್ಟಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಜರ್ಮನ್ ಪ್ರಜಾಸತ್ತಾತ್ಮಕ ಗಣರಾಜ್ಯ, ಅಂದರೆ ನಾವು ಪೂರ್ವ ಜರ್ಮನಿ ಎಂದು ಕರೆಯುವ ದೇಶ, ಸ್ಥಾಪನೆಯಾಯಿತು. ನಾಲ್ಕು ಉಂಗುರಗಳು ಒಂದು ಜರ್ಮನಿಗೆ ಹೋದವು. ಅವು ಹುಟ್ಟಿದ ನೆಲ, ಕಟ್ಟಡ, ಕೆಲಸ ಬಲ್ಲ ಕೈಗಳು ಇನ್ನೊಂದು ಜರ್ಮನಿಯಲ್ಲಿ ಉಳಿದವು.

ಹೊಸ ದೇಶದಲ್ಲಿ ಕಾರಿನ ಮೈಗೆ ಬೇಕಾದ ತೆಳ್ಳನೆಯ ಉಕ್ಕಿನ ಹಾಳೆಗೆ ಬರವಿತ್ತು. ಶೀತಲ ಸಮರದ ವ್ಯಾಪಾರ ನಿರ್ಬಂಧಗಳಿಂದಾಗಿ ಪಶ್ಚಿಮದಿಂದ ಅದನ್ನು ತರಿಸುವುದೂ ಕಷ್ಟವಾಗಿತ್ತು. ಎಂಜಿನಿಯರರು ಕಂಡುಕೊಂಡ ದಾರಿ ಡ್ಯುರೋಪ್ಲಾಸ್ಟ್. ಸೋವಿಯತ್ ಒಕ್ಕೂಟದಿಂದ ಬಂದ ಹತ್ತಿಯ ಉಳಿಕೆ ನಾರನ್ನು ಪದರಪದರವಾಗಿ ಹಾಸಿ, ಫಿನಾಲ್ ರಾಳವನ್ನು ಸೇರಿಸಿ, ಬಿಸಿ ಅಚ್ಚಿನಲ್ಲಿ ಬಲವಾಗಿ ಒತ್ತಿ ಗಟ್ಟಿಗೊಳಿಸಿದ ಹಲಗೆ ಅದು. 1955ರ ಪಿ70 ಎಂಬ ಕಾರಿನಲ್ಲಿ ಮೊದಲು ಈ ಹಲಗೆಯ ಮೈ ಬಂತು. ಟ್ರಬಾಂಟಿನಲ್ಲಿ ಅಸ್ಥಿಪಂಜರ ಉಕ್ಕಿನದು. ಬಾನೆಟ್, ಬಾಗಿಲು, ಮಾಡು, ಮಡ್‌ಗಾರ್ಡ್‌ಗಳ ಹೊರಮೈ ಡ್ಯುರೋಪ್ಲಾಸ್ಟಿನದು. ಕಾರು ರಟ್ಟಿನದೆಂಬ ಹಾಸ್ಯ ಇಲ್ಲಿಂದ ಹುಟ್ಟಿತು. ಅದು ರಟ್ಟಲ್ಲ. ತುಕ್ಕು ಹಿಡಿಯದ, ಹಗುರವಾದ, ಹಾಳಾದರೆ ಬೋಲ್ಟು ಬಿಚ್ಚಿ ಬದಲಾಯಿಸಬಹುದಾದ ವಸ್ತು. ಬಡತನದಲ್ಲಿ ಹುಟ್ಟಿದ್ದಾದರೂ ಜಾಣತನದಲ್ಲಿ ಹುಟ್ಟಿದ್ದು.

1957ರ ನವೆಂಬರ್ 7ರಂದು, ರಷ್ಯಾದ ಅಕ್ಟೋಬರ್ ಕ್ರಾಂತಿಯ ನಲವತ್ತನೆಯ ವಾರ್ಷಿಕದ ದಿನ, ಟ್ರಬಾಂಟಿನ ಮೊದಲ ತಂಡ ಹೊರಬಂತು. ಅದಕ್ಕೆ ಒಂದು ತಿಂಗಳ ಹಿಂದೆ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತ್ತು. ‘ಟ್ರಬಾಂಟ್’ ಎಂದರೂ ಉಪಗ್ರಹ, ಜೊತೆಗಾರ ಎಂದರ್ಥ. ಆ ಪದಕ್ಕೆ ಇನ್ನೂ ಹಳೆಯ ಅರ್ಥವೊಂದಿದೆ: ಅರಸನ ಪಕ್ಕದಲ್ಲಿ ನಡೆಯುವ ಅಂಗರಕ್ಷಕ, ಅಂದರೆ ಕಾಯುವವನು. ಮುಂದೆ ಈ ಕಾರಿನ ವಿಷಯದಲ್ಲಿ ಯಾರು ಯಾರನ್ನು ಕಾಯಬೇಕಾಯಿತು ಎಂಬುದನ್ನು ನೆನೆದರೆ ಹೆಸರೇ ವಿಪರ್ಯಾಸವೆನಿಸುತ್ತದೆ.

ಮೊದಲ ಮಾದರಿಯ ಎಂಜಿನ್ 500 ಸಿಸಿ, 18 ಅಶ್ವಶಕ್ತಿ. 1964ರಲ್ಲಿ ಬಂದ 601 ಮಾದರಿಯಲ್ಲಿ ಅದು ಸುಮಾರು 600 ಸಿಸಿ. ಅರವತ್ತರ ದಶಕದ ಕೊನೆಗೆ ಶಕ್ತಿ 26 ಅಶ್ವಶಕ್ತಿಗೆ ಏರಿ ಅಲ್ಲಿಯೇ ನಿಂತಿತು. ನಾಲ್ಕು ಜನ, ಸಾಕಷ್ಟು ಸಾಮಾನು, ಗಂಟೆಗೆ 100 ಕಿಲೋಮೀಟರಿನ ಆಸುಪಾಸಿನ ವೇಗ. 1958ರ ಯೂರೋಪಿನಲ್ಲಿ ಇದು ನಾಚಿಕೆಪಡುವಂಥ ಕಾರೇನೂ ಆಗಿರಲಿಲ್ಲ. ಅಡ್ಡವಾಗಿ ಕೂರಿಸಿದ ಎಂಜಿನ್, ಮುಂದಿನ ಚಕ್ರಗಳಿಗೆ ಚಾಲನೆ ಎಂಬ ವಿನ್ಯಾಸ ಮುಂದೆ ಜಗತ್ತಿನ ಸಣ್ಣ ಕಾರುಗಳ ಸಾಮಾನ್ಯ ರೂಪವೇ ಆಯಿತು. ತಪ್ಪು ಕಾರಿನ ಹುಟ್ಟಿನಲ್ಲಿರಲಿಲ್ಲ, ಅದನ್ನು ಬೆಳೆಯಗೊಡದೆ ಇದ್ದುದರಲ್ಲಿತ್ತು. ಆ ಮಾತಿಗೆ ಆಮೇಲೆ ಬರುತ್ತೇವೆ.

ಸರದಿ

ಪೂರ್ವ ಜರ್ಮನಿಯಲ್ಲಿ ಕಾರನ್ನು ಅಂಗಡಿಗೆ ಹೋಗಿ ಕೊಳ್ಳುವ ಹಾಗಿರಲಿಲ್ಲ. ಸರಕಾರಿ ಮಾರಾಟ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ ಕಾಯಬೇಕಾಗಿತ್ತು. ಉತ್ಪಾದನೆ ಬೇಡಿಕೆಯನ್ನು ಎಂದೂ ಮುಟ್ಟಲಿಲ್ಲವಾಗಿ ಸರದಿ ಬೆಳೆಯುತ್ತಲೇ ಹೋಯಿತು. ಕೊನೆಯ ದಶಕಗಳಲ್ಲಿ ಅದು ಹತ್ತರಿಂದ ಹದಿನೈದು ವರ್ಷ, ಕೆಲವೆಡೆ ಅದಕ್ಕಿಂತ ಹೆಚ್ಚು. ಹದಿನೆಂಟು ತುಂಬಿದ ಕೂಡಲೇ ಹೆಸರು ಬರೆಸುವುದು ರೂಢಿಯಾಯಿತು. ಕಾರು ಬೇಡದವರೂ ಬರೆಸಿದರು. ಮನೆಯಲ್ಲಿ ನಾಲ್ಕು ಜನರ ಹೆಸರಿದ್ದರೆ ಯಾವುದಾದರೊಂದು ಸರದಿ ಬೇಗ ಬರುತ್ತದೆಂಬ ಲೆಕ್ಕಾಚಾರ. 601 ಎಂಬ ಹೆಸರಿಗೆ ಜನ ಕೊಟ್ಟುಕೊಂಡ ಅರ್ಥ: ಹೆಸರು ಬರೆಸಿದವರು ಆರುನೂರು, ಕಾರು ಸಿಕ್ಕಿದ್ದು ಒಬ್ಬನಿಗೆ.

ಇದರಿಂದ ಮಾರುಕಟ್ಟೆಯ ಸಾಮಾನ್ಯ ನಿಯಮ ತಲೆಕೆಳಗಾಯಿತು. ಹೊಸ ಕಾರಿಗೆ ಸರಕಾರ ಬೆಲೆ ನಿಗದಿ ಮಾಡಿತ್ತು. ಆದರೆ ಹೊಸದು ಸಿಗುತ್ತಿರಲಿಲ್ಲ. ಹಳೆಯದು ಇಂದೇ ಸಿಗುತ್ತಿತ್ತು. ಆದ್ದರಿಂದ ಬಳಸಿದ ಟ್ರಬಾಂಟಿನ ಬೆಲೆ ಹೊಸದಕ್ಕಿಂತ ಹೆಚ್ಚು. ಉಳ್ಳವರಿಗೆ ಒಂದು ಒಳದಾರಿಯೂ ಇತ್ತು. ಪಶ್ಚಿಮದಲ್ಲಿ ನೆಂಟರಿದ್ದರೆ ಅವರು ಜೆನೆಕ್ಸ್ ಎಂಬ ಸರಕಾರಿ ಸಂಸ್ಥೆಯ ಮೂಲಕ ಪಶ್ಚಿಮದ ಮಾರ್ಕಿನಲ್ಲಿ ಹಣ ಕಟ್ಟಿ ಕಾರನ್ನು ಉಡುಗೊರೆಯಾಗಿ ಕಳಿಸಬಹುದಾಗಿತ್ತು. ಅದು ಬೇಗ ಬರುತ್ತಿತ್ತು. ಸಮಾನತೆಯ ಹೆಸರಿನಲ್ಲಿ ಕಟ್ಟಿದ ರಾಜ್ಯ ಸರದಿಯನ್ನು ಹೀಗೆ ಮಾರುತ್ತಿದ್ದುದು ಸರದಿಯಲ್ಲಿ ನಿಂತವರಿಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ.

ಇದನ್ನೋದುವ ನಮ್ಮ ಹಿರಿಯ ಓದುಗರು ಮುಗುಳ್ನಗಬಹುದು. ಪುಣೆಯ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ತಲೆಮಾರು ನಮ್ಮದು. ಪರವಾನಗಿಯ ಕಾಲದ ಭಾರತದಲ್ಲಿಯೂ ಬಳಸಿದ ಸ್ಕೂಟರು ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಹೋಗುತ್ತಿತ್ತು. ಕೊರತೆ ಎಂಬುದು ಸಮಾಜವಾದಿ ರಾಷ್ಟ್ರಗಳ ಸ್ವತ್ತು ಮಾತ್ರ ಆಗಿರಲಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು: ನಮ್ಮ ಮೂಲೆಮೂಲೆಯಲ್ಲಿ ಮೆಕ್ಯಾನಿಕ್ಕಿದ್ದ, ಗುಜರಿ ಅಂಗಡಿಯಿತ್ತು. ಪೂರ್ವ ಜರ್ಮನಿಯಲ್ಲಿ ಕಾರಿನ ಸರದಿ ಮುಗಿದ ಮೇಲೆ ಗ್ಯಾರೇಜಿನ ಸರದಿ, ಬಿಡಿಭಾಗದ ಸರದಿ ಆರಂಭವಾಗುತ್ತಿತ್ತು.

ಕೈಯಲ್ಲಿ ಉಳಿದ ಕೆಲಸ

ಈ ಕಾರನ್ನು ಇಟ್ಟುಕೊಳ್ಳುವುದೆಂದರೆ ಏನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಟೂ ಸ್ಟ್ರೋಕ್ ಎಂಜಿನ್ನಿಗೆ ಪ್ರತ್ಯೇಕ ಆಯಿಲ್ ಸಂಪು ಇಲ್ಲ. ಪೆಟ್ರೋಲಿನಲ್ಲಿ ಬೆರೆತ ಆಯಿಲೇ ಒಳಭಾಗಗಳನ್ನು ಜಾರಿಸಬೇಕು. ಆರಂಭದಲ್ಲಿ 33 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್. ಎಪ್ಪತ್ತರ ದಶಕದಲ್ಲಿ ಅದು 50ಕ್ಕೆ ಒಂದಾಯಿತು. ಮಿಶ್ರಣ ಕೊಡುವ ಪಂಪುಗಳು ಆ ದೇಶದ ಬಂಕುಗಳಲ್ಲಿದ್ದವು. ಇಲ್ಲದ ಕಡೆ ಮಾಲೀಕನೇ ಅಳೆದು ಬೆರೆಸಬೇಕು. ಕಡಿಮೆಯಾದರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಪೆಟ್ರೋಲ್ ಟ್ಯಾಂಕು ಬಾನೆಟ್ಟಿನ ಕೆಳಗೆ, ಎಂಜಿನ್ನಿಗಿಂತ ಎತ್ತರದಲ್ಲಿ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದುಬರುವುದರಿಂದ ಪಂಪಿನ ಅಗತ್ಯವಿಲ್ಲ. ಬಹುಕಾಲ ಪೆಟ್ರೋಲ್ ಮಟ್ಟ ತೋರಿಸುವ ಮುಳ್ಳೂ ಇರಲಿಲ್ಲ. ಬಾನೆಟ್ ಎತ್ತಿ, ಟ್ಯಾಂಕಿಗೆ ಅಳತೆಯ ಕಡ್ಡಿ ಇಳಿಸಿ ನೋಡಬೇಕು. ಓಡುತ್ತಿರುವಾಗ ಎಂಜಿನ್ ಮುಗ್ಗರಿಸಿದರೆ ಡ್ಯಾಶ್‌ಬೋರ್ಡಿನ ಕೆಳಗಿನ ನಲ್ಲಿಯನ್ನು ರಿಸರ್ವಿಗೆ ತಿರುಗಿಸಬೇಕು.

ಇಳಿಜಾರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲ್ ಕಡಿಮೆಯಾಗುತ್ತದೆ. ಪೆಟ್ರೋಲಿನೊಡನೆ ಬರಬೇಕಾದ ಆಯಿಲೂ ಕಡಿಮೆಯಾಗುತ್ತದೆ. ಆದರೆ ಚಕ್ರಗಳು ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಲೇ ಇರುತ್ತವೆ. ಒಣಗಿದ ಎಂಜಿನ್ ಕಾಯುತ್ತದೆ, ಸವೆಯುತ್ತದೆ. ಇದನ್ನು ತಪ್ಪಿಸಲು ನಾಲ್ಕನೆಯ ಗೇರಿನಲ್ಲಿ, ಸೈಕಲ್ಲಿನ ಹಿಂಚಕ್ರದ ಫ್ರೀವೀಲಿನಂತೆ, ಎಂಜಿನ್ ತನ್ನಷ್ಟಕ್ಕೆ ನಿಧಾನವಾಗುವ ಏರ್ಪಾಡು ಮಾಡಿದ್ದರು. ಆಗ ಇಳಿಜಾರಿನಲ್ಲಿ ಎಂಜಿನ್ನಿನ ತಡೆ ಸಿಗುವುದಿಲ್ಲ, ಬ್ರೇಕನ್ನೇ ನಂಬಬೇಕು. ಈ ಕಾರು ಓಡಿಸುವವನಿಗೆ ಅದರ ಒಳಗೆ ಏನು ನಡೆಯುತ್ತಿದೆ ಎಂಬುದು ಗೊತ್ತಿರಲೇಬೇಕಾಗಿತ್ತು.

ಎಂಜಿನ್ನಿಗೆ ನೀರಿನ ತಂಪಿಲ್ಲ, ಗಾಳಿಯ ತಂಪು. ಬೀಸಣಿಗೆಯನ್ನೂ ಡೈನಮೋವನ್ನೂ ತಿರುಗಿಸುವುದು ಒಂದೇ ರಬ್ಬರ್ ಬೆಲ್ಟು. ಅದು ಹರಿದರೆ ಪ್ರಯಾಣ ಅಲ್ಲಿಗೆ ನಿಂತಿತು. ಹೆಂಗಸರ ನೈಲಾನ್ ಕಾಲುಚೀಲವನ್ನು ಬೆಲ್ಟಿನಂತೆ ಕಟ್ಟಿ ಮನೆ ಸೇರಿದೆವೆಂಬ ಕಥೆಗಳು ಹುಟ್ಟಿದ್ದು ಇಲ್ಲಿ. ಎರಡು ಸಿಲಿಂಡರಿಗೆ ಎರಡು ಜೊತೆ ಪಾಯಿಂಟು, ಎರಡು ಕಾಯಿಲು. ಎಂಬತ್ತರ ದಶಕದಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆ ಬರುವವರೆಗೆ ಪಾಯಿಂಟುಗಳ ಸಂದನ್ನು ಆಗಾಗ ಗೇಜ್ ಹಾಕಿ ಸರಿಪಡಿಸಬೇಕಾಗಿತ್ತು. ಮುಂದಿನ ಚಕ್ರಗಳ ಕೀಲುಗಳಿಗೆ ಗ್ರೀಸ್ ತುಂಬಬೇಕು. ಸೈಲೆನ್ಸರಿನಲ್ಲಿ ಕಟ್ಟಿದ ಮಸಿ ತೆಗೆಯಬೇಕು. ಕಾರ್ಬ್ಯುರೇಟರ್ ಬಿಚ್ಚಿ ಜೆಟ್ಟನ್ನು ಊದಿ ಸ್ವಚ್ಛಗೊಳಿಸಬೇಕು.

ಎಲ್ಲಕ್ಕಿಂತ ಮೋಸದ ಶತ್ರು ತುಕ್ಕು. ಹೊರಗಿನ ಡ್ಯುರೋಪ್ಲಾಸ್ಟಿಗೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಕಾರು ಯಾವಾಗಲೂ ಗಟ್ಟಿಮುಟ್ಟಾಗಿ ಕಾಣುತ್ತದೆ. ಆದರೆ ಅದರ ಹಿಂದಿನ ಉಕ್ಕಿನ ಪಂಜರವೂ ತಳದ ತಗಡೂ ಚಳಿಗಾಲದ ರಸ್ತೆಯ ಉಪ್ಪುನೀರಿಗೆ ಒಳಗೊಳಗೇ ಕೊಳೆಯುತ್ತವೆ. ಬಲ್ಲ ಮಾಲೀಕರು ಕಾರಿನ ಕೆಳಗೆ ಮಲಗಿ ಎಲಾಸ್ಕಾನ್ ಎಂಬ ತುಕ್ಕುನಿರೋಧಕ ಮೇಣವನ್ನು ಸಂದುಗೊಂದುಗಳಿಗೆ ಬಳಿಯುತ್ತಿದ್ದರು. ಹೊರಗಿನ ಹೊಳಪಿಗೆ ಮಾರುಹೋಗದೆ ಕಾಣದ ಕಡೆ ಬೆಳಕು ಹಿಡಿದು ನೋಡುವುದು ಈ ಕಾರು ತನ್ನ ಮಾಲೀಕನಿಗೆ ಕಲಿಸಿದ ಮೊದಲ ಪಾಠ.

ಇಷ್ಟೆಲ್ಲ ಕೆಲಸವನ್ನು ಮಾಲೀಕನೇ ಮಾಡಲು ಸಾಧ್ಯವಾದುದು ಕಾರಿನ ಸರಳತೆಯಿಂದ. ವಾಲ್ವಿಲ್ಲ, ರೇಡಿಯೇಟರಿಲ್ಲ, ಪೆಟ್ರೋಲ್ ಪಂಪಿಲ್ಲ. ಎಂಜಿನ್ನನ್ನು ಇಬ್ಬರು ಕೈಯಲ್ಲಿ ಎತ್ತಿ ಹೊರತೆಗೆಯಬಹುದು. ಪೂರ್ವ ಬರ್ಲಿನ್ನಿನ ತಾಂತ್ರಿಕ ಪ್ರಕಾಶನವೊಂದು ಕಾರು ಮಾಲೀಕರಿಗಾಗಿ ಹೊರತಂದ ರಿಪೇರಿ ಕೈಪಿಡಿಗಳ ಮಾಲೆಯ ಹೆಸರೇ ‘ನನಗೆ ನಾನು ಹೇಗೆ ನೆರವಾಗಲಿ?’ ಎಂಬರ್ಥದ್ದು. ಹಲವಾರು ಆವೃತ್ತಿಗಳನ್ನು ಕಂಡ ಈ ಪುಸ್ತಕ ಮನೆಮನೆಯಲ್ಲಿ ಆಯಿಲ್ ಮೆತ್ತಿದ ಬೆರಳಚ್ಚಿನೊಂದಿಗೆ ಉಳಿದುಕೊಂಡಿತು.

ಪುಸ್ತಕ ಕೊಡಲಾರದ್ದನ್ನು ನೆರೆಹೊರೆ ಕೊಟ್ಟಿತು. ಪೂರ್ವ ಜರ್ಮನಿಯ ನಗರಗಳ ಅಂಚಿನಲ್ಲಿ ಜನ ಕೂಡಿಕೊಂಡು ಗ್ಯಾರೇಜುಗಳ ಸಾಲುಗಳನ್ನು ಕಟ್ಟಿಕೊಂಡರು. ನೆಲ ಊರಿನದು, ಗೋಡೆ ಮಾಡುಗಳು ಸದಸ್ಯರ ಬೆವರಿನವು. ಸಂಜೆ ಮತ್ತು ವಾರದ ಕೊನೆಯಲ್ಲಿ ಅಲ್ಲಿ ಕಾರು ಬಿಚ್ಚುವುದು, ಜೋಡಿಸುವುದು, ವೆಲ್ಡಿಂಗ್ ಬಲ್ಲವನಿಗೆ ಬಣ್ಣ ಬಲ್ಲವನು ನೆರವಾಗುವುದು, ಒಂದು ಸೈಲೆನ್ಸರಿಗೆ ಇನ್ನೇನನ್ನೋ ಕೊಟ್ಟು ಬದಲಾಯಿಸಿಕೊಳ್ಳುವುದು ನಡೆಯುತ್ತಿತ್ತು. ಅಂಗಡಿಯಲ್ಲಿ ಬಿಡಿಭಾಗ ಕಂಡರೆ ಅದು ಇಂದು ಬೇಕೋ ಬೇಡವೋ ಎಂದು ಯಾರೂ ಕೇಳುತ್ತಿರಲಿಲ್ಲ, ಕೊಂಡು ತಂದಿಡುತ್ತಿದ್ದರು. ನಾಳೆ ಅದೇ ಇನ್ನೊಬ್ಬರೊಡನೆ ವಿನಿಮಯದ ನಾಣ್ಯವಾಗುತ್ತಿತ್ತು. ಹೀಗೆ ಕೂಡಿಡುವುದರಿಂದಲೇ ಕೊರತೆ ಇನ್ನಷ್ಟು ಹೆಚ್ಚುತ್ತಿತ್ತು ಎಂಬುದೂ ನಿಜ.

ಯಾರ ದುಡಿಮೆಯ ಮೇಲೆ?

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಂದರ ಕಥೆಯಾಗುತ್ತದೆ. ಸರಳ ಯಂತ್ರ, ಸ್ವಾವಲಂಬಿ ಮಾಲೀಕ, ಕೂಡಿ ಬಾಳುವ ನೆರೆಹೊರೆ. ಇಂದಿನ ಬಳಸಿ ಬಿಸಾಡುವ ಕಾಲದಲ್ಲಿ ಇಂಥ ಕಥೆಗೆ ಕಿವಿಗಳೂ ಬಹಳ. ಆದರೆ ಚರಿತ್ರೆಯ ಓದುಗರಾಗಿ ನಾವು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ. ಒಂದೇ ಮಾದರಿ 1964ರಿಂದ 1990ರವರೆಗೆ ಹೊರರೂಪದಲ್ಲಿ ಹೆಚ್ಚುಕಡಿಮೆ ಬದಲಾಗದೆ ಉಳಿದದ್ದು ಏಕೆ?

ತ್ಸ್ವಿಕಾವ್‌ನ ಎಂಜಿನಿಯರರಿಗೆ ತಿಳಿಯದೆ ಆದದ್ದಲ್ಲ ಅದು. ಅರವತ್ತರ ದಶಕದ ನಡುವಿನಲ್ಲಿಯೇ ಅವರು ಪಿ603 ಎಂಬ ಹೊಸ ಕಾರಿನ ಮಾದರಿಗಳನ್ನು ಕಟ್ಟಿದ್ದರು. ಹಿಂಬದಿಯಲ್ಲಿ ಮೇಲೆತ್ತುವ ಬಾಗಿಲಿದ್ದ ಅದರ ರೂಪವನ್ನು ನೋಡಿದವರು 1974ರಲ್ಲಿ ಪಶ್ಚಿಮದಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫನ್ನು ನೆನೆಯುತ್ತಾರೆ. 1968ರಲ್ಲಿ ಪಕ್ಷದ ವರಿಷ್ಠ ಮಂಡಳಿಯ ನಿರ್ಧಾರದಿಂದ ಆ ಕೆಲಸ ನಿಂತಿತು. ಎಪ್ಪತ್ತರ ದಶಕದಲ್ಲಿ ಪಿ610 ಎಂಬ ಇನ್ನೊಂದು ಪ್ರಯತ್ನ ನಡೆಯಿತು. 1979ರಲ್ಲಿ ಅದೂ ನಿಂತಿತು. ಹೊಸ ಕಾರಿಗೆ ಬಂಡವಾಳ ಬೇಕು. ಬಂಡವಾಳಕ್ಕೆ ಬೇರೆ ಆದ್ಯತೆಗಳಿದ್ದವು. ಹಳೆಯ ಕಾರಿಗೆ ಹೇಗೂ ಹದಿನೈದು ವರ್ಷದ ಸರದಿ ಇದೆ. ಕಾದು ನಿಂತವರ ಸಾಲು ಎಲ್ಲಿಯವರೆಗೆ ಕರಗುವುದಿಲ್ಲವೋ ಅಲ್ಲಿಯವರೆಗೆ ಕಾರ್ಖಾನೆಯನ್ನು ಬದಲಾಯಿಸುವ ಒತ್ತಡವೂ ಇರಲಿಲ್ಲ.

ಆ ಅಂತರವನ್ನು ತುಂಬಿದ್ದು ಮಾಲೀಕನ ದುಡಿಮೆ. ಕಾರ್ಖಾನೆ ಮಾಡಬೇಕಾಗಿದ್ದ ಸುಧಾರಣೆಯನ್ನು, ಸರಕಾರ ಒದಗಿಸಬೇಕಾಗಿದ್ದ ಬಿಡಿಭಾಗವನ್ನು, ಗ್ಯಾರೇಜು ಮಾಡಬೇಕಾಗಿದ್ದ ಸೇವೆಯನ್ನು ಅವನ ಭಾನುವಾರಗಳು ಭರ್ತಿ ಮಾಡಿದವು. ರಾಷ್ಟ್ರದ ಯಾವ ಲೆಕ್ಕಪತ್ರದಲ್ಲೂ ಈ ದುಡಿಮೆ ದಾಖಲಾಗಲಿಲ್ಲ. ಅವರ ಕೌಶಲವನ್ನು ಮೆಚ್ಚುವುದು ಒಂದು, ಅವರನ್ನು ಆ ಸ್ಥಿತಿಯಲ್ಲಿಟ್ಟ ವ್ಯವಸ್ಥೆಯನ್ನು ಮೆಚ್ಚುವುದು ಇನ್ನೊಂದು. ಮೊದಲನೆಯದನ್ನು ಮಾಡುವ ಭರದಲ್ಲಿ ಎರಡನೆಯದಕ್ಕೆ ಜಾರಬಾರದು. ಜೊತೆಗೆ, ಆ ನೀಲಿ ಹೊಗೆಯನ್ನು ಉಸಿರಾಡಿದ ಊರುಗಳೂ ಇದ್ದವು. ಆಯಿಲ್ ಸುಟ್ಟ, ಅರೆ ಸುಟ್ಟ ಪೆಟ್ರೋಲಿನ ಆ ಹೊಗೆ ಯಾವ ಅಳತೆಯಲ್ಲೂ ಒಳ್ಳೆಯದಾಗಿರಲಿಲ್ಲ.

ಎಂಬತ್ತರ ದಶಕದಲ್ಲಿ ಪಶ್ಚಿಮದ ಫೋಕ್ಸ್‌ವ್ಯಾಗನ್ ಕಂಪನಿಯೊಡನೆ ಒಪ್ಪಂದವಾಗಿ ಅದರ ಫೋರ್ ಸ್ಟ್ರೋಕ್ ಎಂಜಿನ್ ಪೂರ್ವದಲ್ಲಿ ತಯಾರಾಗತೊಡಗಿತು. ಆ ಎಂಜಿನ್ ಕೂರಿಸಿದ ಟ್ರಬಾಂಟ್ 1.1 ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಆ ಹೊತ್ತಿಗೆ ಕಾಲ ಮುಗಿದಿತ್ತು.

ಒಂದು ವರ್ಷದಲ್ಲಿ

1989ರ ಬೇಸಿಗೆಯಲ್ಲಿ ಸಾವಿರಾರು ಪೂರ್ವ ಜರ್ಮನರು ಹಂಗೇರಿ ಮತ್ತು ಚೆಕೊಸ್ಲೊವಾಕಿಯಾಗಳ ದಾರಿಯಿಂದ ಪಶ್ಚಿಮಕ್ಕೆ ಹೊರಟರು. ಪ್ರಾಗ್ ನಗರದಲ್ಲಿ ಪಶ್ಚಿಮ ಜರ್ಮನಿಯ ರಾಯಭಾರ ಕಚೇರಿಯಿದ್ದ ಲೋಬ್‌ಕೊವಿಟ್ಸ್ ಅರಮನೆಯ ಬೇಲಿ ಹತ್ತಿ ಒಳಗೆ ಇಳಿದು ಆಶ್ರಯ ಬೇಡಿದರು. ಸೆಪ್ಟೆಂಬರ್ 30ರ ಸಂಜೆ ಪಶ್ಚಿಮ ಜರ್ಮನಿಯ ವಿದೇಶಾಂಗ ಸಚಿವ ಹಾನ್ಸ್ ಡೀಟ್ರಿಖ್ ಗೆನ್ಷರ್ ಆ ಕಟ್ಟಡದ ಬಾಲ್ಕನಿಯಲ್ಲಿ ನಿಂತು ಅವರ ಬಿಡುಗಡೆಯ ಸುದ್ದಿಯನ್ನು ಹೇಳಿದರು. ಅವರು ರೈಲು ಹತ್ತಿ ಹೋದ ಮೇಲೆ ಸುತ್ತಲಿನ ಬೀದಿಗಳಲ್ಲಿ ಉಳಿದದ್ದು ಅವರ ಟ್ರಬಾಂಟುಗಳು. ಹತ್ತು ಹನ್ನೆರಡು ವರ್ಷ ಕಾದು ಪಡೆದದ್ದನ್ನು ಬೀದಿಯಲ್ಲಿ ಬಿಟ್ಟು ಹೋಗುವುದೆಂದರೆ ಮನೆ ಬಿಡುವುದಕ್ಕಿಂತ ಬಹಳ ಕಡಿಮೆಯದೇನಲ್ಲ. ಮರುವರ್ಷ ಚೆಕ್ ಶಿಲ್ಪಿ ಡೇವಿಡ್ ಚೆರ್ನಿ ನಾಲ್ಕು ಚಕ್ರಗಳ ಬದಲು ನಾಲ್ಕು ಕಾಲುಗಳಿರುವ ಟ್ರಬಾಂಟಿನ ಶಿಲ್ಪವನ್ನು ಮಾಡಿದ. ‘ಎಲ್ಲಿಗೆ ಹೊರಟೆ?’ ಎಂಬರ್ಥದ ಲ್ಯಾಟಿನ್ ಮಾತು ಅದರ ಹೆಸರು.

ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. 1990ರ ಜುಲೈ 1ರಂದು ಪಶ್ಚಿಮದ ಮಾರ್ಕ್ ಪೂರ್ವದ ನಾಣ್ಯವಾಯಿತು. ಪಶ್ಚಿಮದ ಹಳೆಯ ಕಾರುಗಳು ಯಾವ ಸರದಿಯೂ ಇಲ್ಲದೆ ಕೈಗೆಟುಕಿದವು. ನಿನ್ನೆಯವರೆಗೆ ಹೊಸದಕ್ಕಿಂತ ಹೆಚ್ಚು ಬೆಲೆಬಾಳುತ್ತಿದ್ದ ಹಳೆಯ ಟ್ರಬಾಂಟು ಇಂದು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲದಂತಾಯಿತು. ಜನ ಅವನ್ನು ಕಾಡಿನಂಚಿನಲ್ಲಿ, ಬೀದಿಬದಿಯಲ್ಲಿ ಬಿಟ್ಟರು. ಗಟ್ಟಿಯಾದ ಡ್ಯುರೋಪ್ಲಾಸ್ಟನ್ನು ಮತ್ತೆ ಕರಗಿಸಲಾಗದು, ಅದು ಕೊಳೆಯುವುದೂ ಇಲ್ಲ. ಒಂದು ಕಾಲದ ಜಾಣ್ಮೆ ಇನ್ನೊಂದು ಕಾಲಕ್ಕೆ ವಿಲೇವಾರಿಯ ತಲೆನೋವಾಯಿತು. 1991ರ ಏಪ್ರಿಲ್ 30ರಂದು ಕೊನೆಯ ಟ್ರಬಾಂಟು ಹೊರಬಂದು ತಯಾರಿಕೆ ನಿಂತಿತು. ಅಷ್ಟರಲ್ಲಿ ಒಟ್ಟು 30 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು.

ನಗೆ ಜೋರಾದದ್ದೂ ಇದೇ ಕಾಲದಲ್ಲಿ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಟ್ರಬಾಂಟಿನ ಬಗೆಗಿನ ಹಾಸ್ಯಗಳಲ್ಲಿ ಬಹಳಷ್ಟನ್ನು ಹುಟ್ಟಿಸಿದವರು ಪೂರ್ವದವರೇ. ಹಿಂಬದಿಯ ಗಾಜಿಗೆ ಬಿಸಿ ಏಕೆ ಎಂದರೆ, ಚಳಿಯಲ್ಲಿ ತಳ್ಳುವವರ ಕೈ ಬೆಚ್ಚಗಿರಲೆಂದು ಎಂಬಂಥ ಮಾತುಗಳು ತಳ್ಳಿ ಬಲ್ಲವರ ಮಾತುಗಳು. ತನ್ನ ಕಷ್ಟವನ್ನು ತಾನೇ ಹಾಸ್ಯ ಮಾಡಿಕೊಳ್ಳುವವನಲ್ಲಿ ಒಂದು ಒಡೆತನವಿರುತ್ತದೆ. ಅದೇ ಹಾಸ್ಯ ಗಡಿಯಾಚೆಯವರ ಬಾಯಿಗೆ ಹೋದಾಗ ಅದು ತೀರ್ಪಾಗುತ್ತದೆ. ನೀವು ಇಷ್ಟು ವರ್ಷ ಕಾದದ್ದು ಇದಕ್ಕೋ ಎಂಬ ಪ್ರಶ್ನೆಗೆ ಆ ಮಾಲೀಕ ಏನೆಂದು ಉತ್ತರಿಸಬೇಕು? ಕಾದ ವರ್ಷಗಳನ್ನು ಯಾವ ಬ್ಯಾಂಕೂ ಹೊಸ ನಾಣ್ಯಕ್ಕೆ ಬದಲಾಯಿಸಿಕೊಡಲಿಲ್ಲ.

ಉಳಿದದ್ದು

ತ್ಸ್ವಿಕಾವ್ ಕಾರಿನ ಊರಾಗಿಯೇ ಉಳಿಯಿತು. 1990ರಲ್ಲಿಯೇ ಊರಿನ ಹೊರಗಿನ ಮೊಜೆಲ್‌ನಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳ ಜೋಡಣೆ ಆರಂಭವಾಯಿತು. ಅಲ್ಲಿ 2019ರಲ್ಲಿ ವಿದ್ಯುತ್ ಕಾರುಗಳ ತಯಾರಿಕೆ ತೊಡಗಿ, 2020ರಲ್ಲಿ ಪೆಟ್ರೋಲ್ ಕಾರುಗಳ ತಯಾರಿಕೆ ಪೂರ್ತಿ ನಿಂತಿತು. ಹಳೆಯ ಔಡಿ ಕಾರ್ಖಾನೆಯ ಆವರಣದಲ್ಲಿ ಆಗಸ್ಟ್ ಹೋರ್ಖ್ ವಸ್ತುಸಂಗ್ರಹಾಲಯವಿದೆ. ಅಲ್ಲಿ ವೈಭವದ ಹೋರ್ಖ್ ಕಾರುಗಳಿರುವ ಸೂರಿನಡಿಯಲ್ಲಿಯೇ ಟ್ರಬಾಂಟೂ ನಿಂತಿದೆ. ಪಕ್ಕದ ಕೆಮ್ನಿಟ್ಸ್ ನಗರ 2025ರಲ್ಲಿ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯಾದಾಗ ತನ್ನ ಕಾರ್ಯಕ್ರಮಗಳಲ್ಲಿ ಒಂದಕ್ಕೆ ಆರಿಸಿಕೊಂಡ ವಿಷಯ ಆ ಹಳೆಯ ಗ್ಯಾರೇಜುಗಳ ಸಾಲುಗಳು. ಅರಮನೆಯನ್ನೋ ಚರ್ಚನ್ನೋ ತೋರಿಸಬಹುದಾಗಿದ್ದ ನಗರ ಜನ ಕೈಯಾರೆ ಕಟ್ಟಿ ಕೈಯಾರೆ ದುಡಿದ ಜಾಗಗಳನ್ನು ತನ್ನ ಸಂಸ್ಕೃತಿಯೆಂದು ತೋರಿಸಿತು. ನಮ್ಮ ನಗರಗಳು ಇದರಿಂದ ಕಲಿಯಬಹುದಾದದ್ದಿದೆ.

ಕಾರುಗಳೂ ಪೂರ್ತಿ ಮಾಯವಾಗಲಿಲ್ಲ. ಜರ್ಮನಿಯಲ್ಲಿ ಇಂದಿಗೂ 30 ಸಾವಿರಕ್ಕೂ ಹೆಚ್ಚು ಟ್ರಬಾಂಟುಗಳು ನೋಂದಣಿಯಲ್ಲಿವೆ. ಅವನ್ನು ಇಟ್ಟುಕೊಂಡವರಲ್ಲಿ ಗೋಡೆ ಬಿದ್ದ ಮೇಲೆ ಹುಟ್ಟಿದವರೂ ಇದ್ದಾರೆ. ಅವರಿಗೆ ಬಿಡಿಭಾಗ ಹುಡುಕುವುದು ಹವ್ಯಾಸ. ಅವರ ಅಜ್ಜಂದಿರಿಗೆ ಅದು ಬಾಳು. ಎರಡೂ ಒಂದೇ ಕೆಲಸದಂತೆ ಕಂಡರೂ ಎರಡರ ನಡುವೆ ಆಯ್ಕೆ ಎಂಬ ದೊಡ್ಡ ಅಂತರವಿದೆ.

ಇಂದು ನಾವು ಕೊಳ್ಳುವ ಸಣ್ಣ ಕಾರು, ಜರ್ಮನಿಯದಾಗಲಿ ಬೇರೆಲ್ಲಿಯದಾಗಲಿ, ಬುಕ್ ಮಾಡಿದ ಕೆಲವು ವಾರಗಳಲ್ಲಿ ಮನೆಗೆ ಬರುತ್ತದೆ. ಬಾನೆಟ್ ಎತ್ತಿದರೆ ಕಾಣುವುದು ಮುಚ್ಚಿದ ಪ್ಲಾಸ್ಟಿಕ್ ಹೊದಿಕೆ. ಕೆಟ್ಟರೆ ಕಂಪ್ಯೂಟರ್ ಜೋಡಿಸಿ ನೋಡುವ ಕಂಪನಿಯ ಗ್ಯಾರೇಜೇ ಗತಿ. ಕಾಯುವ ಕಷ್ಟದಿಂದ ಬಿಡುಗಡೆಯಾದೆವು, ಒಳ್ಳೆಯದಾಯಿತು. ಹದಿನೈದು ವರ್ಷದ ಸರದಿಯನ್ನು ಯಾರೂ ಮರಳಿ ಬಯಸಬಾರದು. ಆದರೆ ಅದರ ಜೊತೆಯಲ್ಲಿಯೇ ಕಾಯ್ದುಕೊಳ್ಳುವ ಅರಿವೂ ಕೈತಪ್ಪಬೇಕಾಗಿತ್ತೇ ಎಂಬ ಪ್ರಶ್ನೆ ಉಳಿದೇ ಇದೆ. ಪೂರ್ವ ಜರ್ಮನಿಯ ಮಾಲೀಕನಿಗೆ ಎರಡೂ ಒಂದೇ ಕಟ್ಟಾಗಿ ಬಂದವು. ಬೇರ್ಪಡಿಸಿ ತೆಗೆದುಕೊಳ್ಳುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ನಮಗಿದೆ.

ಸೋತ ರಾಜ್ಯವೊಂದರ ಚರಿತ್ರೆಯನ್ನು ಬರೆಯುವಾಗ ಅದರ ಪ್ರಜೆಗಳ ಬದುಕನ್ನೂ ಸೋಲಿನ ಲೆಕ್ಕಕ್ಕೆ ಬರೆದುಬಿಡುವುದು ಸುಲಭ. ಆ ರಾಜ್ಯ ತನ್ನ ಪ್ರಜೆಗಳನ್ನು ಕಾಯಿಸಿತು, ಅದು ಅದರ ತಪ್ಪು. ಬಂದದ್ದನ್ನು ಅವರು ಕಾಯ್ದುಕೊಂಡರು, ಅದು ಅವರ ಯೋಗ್ಯತೆ. ಒಂದರ ಋಣವನ್ನು ಇನ್ನೊಂದರ ಖಾತೆಗೆ ಹಾಕದಿರುವುದು ಚರಿತ್ರೆಯನ್ನು ಓದುವ ನಮ್ಮ ಹೊಣೆ.